ಹಳೆ ರೇಡಿಯೊ, ಹೊಸ ಪ್ಲೇಟು

ಸಿಂಧನೂರಿನ ರೇಡಿಯೊ ಅಂಗಡಿಗಳಿಗೆ ಎಫ್‌ಎಂ ಪ್ಲೇಟು ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ. ಅದರ ಮೇಲೆ ಕಂಪನಿಯ ಹೆಸರಿಲ್ಲ, ಊರಿಲ್ಲ, ಗ್ಯಾರಂಟಿಯಂತೂ ಕೇಳುವಂತೆಯೇ ಇಲ್ಲ. ಬೆಂಕಿಪೊಟ್ಟಣದಷ್ಟು ಅಗಲದ ಕಂದು ಬೋರ್ಡು, ಅದರ ಮೇಲೆ ಒಂದು ಐಸಿ, ಸ್ಟೇಷನ್ ತಿರುಗಿಸುವ ಒಂದು ಪುಟ್ಟ ಗ್ಯಾಂಗು, ತಾಮ್ರದ ತಂತಿ ಸುತ್ತಿದ ಕಾಯಿಲುಗಳು, ಮೂರು ಕಾಲಿನ ಒಂದು ಫಿಲ್ಟರು. ಹೊರಗೆ ನಾಲ್ಕು ವೈರು: ಕೆಂಪು ಪ್ಲಸ್, ಕಪ್ಪು ಮೈನಸ್, ಬಿಳಿ ಆಡಿಯೊ, ಉಳಿದದ್ದು ಆಂಟೆನಾ. ಅಂಗಡಿಯವರು ಅದನ್ನು ಕಿಟ್ ಅಂದರು, ಪ್ಲೇಟ್ ಅಂದರು. ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ ಇದ್ದ ಹಳೆ ಡಬ್ಬಿಯೊಳಗೆ ಈ ಪ್ಲೇಟು ಕೂರಿಸಿ ನಾಲ್ಕು ವೈರು ಬೆಸೆದರೆ ಎಫ್‌ಎಂ ಬರಬೇಕು. ಹೇಳಿಕೆ ಇಷ್ಟೇ ಸರಳ.

2000ದ ಆಸುಪಾಸಿನ ಮಾತು ಇದು. ದೇಶದ ಮೊದಲ ಎಫ್‌ಎಂ ಪ್ರಸಾರ ಮದರಾಸಿನಲ್ಲಿ 1977ರಲ್ಲೇ ಶುರುವಾಗಿದ್ದರೂ, ಬಯಲುಸೀಮೆಯ ಹಳ್ಳಿಗಳಿಗೆ ಆ ಶಬ್ದ ಮುಟ್ಟಲು ವರ್ಷಗಳೇ ಹಿಡಿದವು. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ರೇಡಿಯೊ ಸಿಟಿ ಶುರುವಾಗಿ ಖಾಸಗಿ ಎಫ್‌ಎಂನ ಗದ್ದಲ ಎದ್ದಿತು. ಈ ಕಡೆ ಎಫ್‌ಎಂ ಅಂದರೆ ಆಕಾಶವಾಣಿಯೇ: ಒಂದು ಬದಿಗೆ ಹೊಸಪೇಟೆಯ 100.5, ಇನ್ನೊಂದು ಬದಿಗೆ ರಾಯಚೂರು. ಮನೆಮನೆಯಲ್ಲಿ ಇದ್ದದ್ದು ಮಾತ್ರ ಫಿಲಿಪ್ಸ್, ಮರ್ಫಿ, ಬುಷ್, ನೆಲ್ಕೊ. ಅವುಗಳಲ್ಲಿ ಹಗಲೆಲ್ಲ 765 ಕಿಲೋಹರ್ಟ್ಸಿನ ಧಾರವಾಡ, 1107ರ ಕಲಬುರಗಿ. ರಾತ್ರಿಯಾದರೆ ದೂರದ ಸ್ಟೇಷನ್ನುಗಳು ಮೇಲೇರಿ ಬಂದು ಎರಡನ್ನೂ ಕೆಣಕುತ್ತಿದ್ದವು. ಹೊಸ ಸೆಟ್ಟು ಕೊಳ್ಳುವ ಬದಲು ಹಳೆಯದಕ್ಕೇ ಪ್ಲೇಟು ಹಾಕಿಸಿದರಾಯಿತು ಎಂಬ ಲೆಕ್ಕ ಎಲ್ಲರಿಗೂ ಹಿಡಿಸಿತು.

ಗೊರೇಬಾಳದ ಒಬ್ಬ ಹುಡುಗ ಆ ಹೊತ್ತಿಗೆ ಸಿಂಧನೂರಿನ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಅಂಗಡಿ ಎಂದರೆ ಮಾಳಿಗೆಯ ಮೆಟ್ಟಿಲಿನ ಕೆಳಗಿನ ಜಾಗ. ಒಂದು ಟೇಬಲ್ಲು, ಸೀರೀಸ್ ಬೋರ್ಡು, ಸೂಜಿ ಮೀಟರು, ಪೇಸ್ಟಿನ ಡಬ್ಬಿ, ಗೋಡೆಗೆ ತೂಗುಹಾಕಿದ ಸ್ಪೀಕರುಗಳು. ಗುರುವನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ಹುಡುಗನೂ ಹಾಗೇ ಕರೆದ. ಬಿಡಿ ಸಾಮಾನು ತರಲು ಬೆಂಗಳೂರಿನ ಎಸ್‌ಪಿ ರೋಡಿಗಿಂತ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯೇ ಅವರಿಗೆ ಹತ್ತಿರದ್ದು, ರೂಢಿಯದ್ದು. ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್ಟಿನಿಂದ ಅಲ್ಲಿಗೆ ಇಳಿದ ಮಾಲೇ ಇಲ್ಲಿಗೂ ಬರುತ್ತದೆ ಎನ್ನುವುದು ಉಸ್ತಾದರ ಮಾತು.

ಪ್ಲೇಟು ಹಾಕಿಸಿಕೊಂಡು ಹೋದವರಲ್ಲಿ ತಿರುಗಿ ಬಾರದವರು ಕಡಿಮೆ. ಕೆಲವರದು ರೇಡಿಯೊದ ದೋಷವೇ ಅಲ್ಲ, ಭೂಮಿಯ ದೋಷ. ಎಫ್‌ಎಂ ಓಡುವುದು 88ರಿಂದ 108 ಮೆಗಾಹರ್ಟ್ಸಿನಲ್ಲಿ. ಆ ಅಲೆ ಮೀಡಿಯಂ ವೇವಿನ ಹಾಗೆ ನೆಲ ಹಿಡಿದು ಹೋಗುವುದಿಲ್ಲ, ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಅದರ ಹರಹು. ಗೋಪುರದ ಎತ್ತರ ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಅದರ ಕ್ಷಿತಿಜ ಸಿಗುತ್ತದೆ. 100 ಮೀಟರಿನ ಗೋಪುರಕ್ಕೆ 41 ಕಿಲೋಮೀಟರು. ಮನೆಯ ಮೇಲೆ 9 ಮೀಟರಿನ ಗಳ ನಿಲ್ಲಿಸಿ ಆಂಟೆನಾ ಕಟ್ಟಿದರೆ ಇನ್ನೊಂದು 12. ಅಂತೂ 53. ಸಿಂಧನೂರು ಸೀಮೆಯಿಂದ ಹೊಸಪೇಟೆಯಾಗಲಿ ರಾಯಚೂರಾಗಲಿ ಹಕ್ಕಿ ಹಾರಿದಂತೆ ಅಳೆದರೂ 60 ಕಿಲೋಮೀಟರು ಮೀರುತ್ತವೆ. ಹೊಸಪೇಟೆಯ ದಾರಿಗೆ ಗಂಗಾವತಿ, ಆನೆಗೊಂದಿಯ ಕಲ್ಲುಗುಡ್ಡಗಳು ಬೇರೆ. ಆದ್ದರಿಂದ ಗೊರೇಬಾಳದಲ್ಲಿ ಎಫ್‌ಎಂ ಯಾವಾಗಲೂ ಅಂಚಿನ ಗಿರಾಕಿ. ಚಳಿಗಾಲದ ಬೆಳಗಿನ ಜಾವ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನ ಪದರ ಬೆಚ್ಚಗೆ ಉಳಿದಾಗ ಅಲೆ ಬಾಗಿ ದೂರ ಬರುತ್ತದೆ, ಆಗ ಹೊಸಪೇಟೆ ಗಂಟೆ ಹೊಡೆದಂತೆ ಸ್ಪಷ್ಟ. ಬಿಸಿಲೇರಿದರೆ ಬರೀ ಶೂ ಎಂಬ ಸದ್ದು. "ಮುಂಜಾನೆ ಚಲೋ ಇತ್ತು, ಮಧ್ಯಾಹ್ನ ಕೆಟ್ಟೈತಿ" ಎಂದು ಡಬ್ಬಿ ಹೊತ್ತು ತಂದವರಿಗೆ ಇದನ್ನು ತಿಳಿಹೇಳುವುದೇ ಒಂದು ರಿಪೇರಿ. ಉಸ್ತಾದರು ಅಂಥವರ ಸೆಟ್ಟು ಬಿಚ್ಚುತ್ತಲೇ ಇರಲಿಲ್ಲ. "ಯಣ್ಣಾ, ಇದನ್ನ ಬಿಚ್ಚಿದ್ರ ನಂಗ ರೊಕ್ಕ ಬರ್ತೈತಿ, ನಿಂಗ ಹೊಸಪೇಟೆ ಬರಂಗಿಲ್ಲ" ಎಂದು ಕಳಿಸಿಬಿಡುತ್ತಿದ್ದರು.

ಇನ್ನುಳಿದ ದೂರುಗಳು ನಿಜವಾದ ದೂರುಗಳು. ಅಲ್ಲಿಯೇ ಕಲಿಯುವುದು ಬೇಕಾದಷ್ಟಿತ್ತು.

ಹೊರಗಿನ ಪ್ಲೇಟು ಒಳಗೆ ಕೂತ ಸೆಟ್ಟು ಕೆಟ್ಟಿತೆಂದರೆ ಹೊಸ ಕೈಗಳು ಮೊದಲು ಪ್ಲೇಟನ್ನೇ ಕಿತ್ತು ಇನ್ನೊಂದು ಹಾಕುತ್ತಾರೆ. ಅದೂ ಮಾತಾಡದಿದ್ದರೆ ರೇಡಿಯೊವನ್ನು ಬೈಯುತ್ತಾರೆ. ಉಸ್ತಾದರ ಕ್ರಮ ಬೇರೆ. ಅವರ ಲೆಕ್ಕದಲ್ಲಿ ಪ್ಲೇಟು ಬಹುಪಾಲು ಸರಿ ಇರುತ್ತದೆ, ರೇಡಿಯೊವೂ ಸರಿ ಇರುತ್ತದೆ. ಎರಡರ ನಡುವೆ ಬೆಸೆದ ಜಾಗದಲ್ಲಿ ಕಳ್ಳ ಇರುತ್ತಾನೆ. ಆದ್ದರಿಂದ ಮೊದಲು ಪ್ಲೇಟಿನ ಎಲ್ಲ ವೈರು ಬಿಡಿಸಿ ರೇಡಿಯೊ ತನ್ನ ಪಾಡಿಗೆ ಧಾರವಾಡ ಹಿಡಿಯುತ್ತದೆಯೇ ನೋಡುವುದು. ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಬೆರಳಿಟ್ಟರೆ ಸ್ಪೀಕರು ಗುರ್ ಅನ್ನಬೇಕು. ಅಂದರೆ ಅಲ್ಲಿಂದಾಚೆಗಿನ ಆಂಪ್ಲಿಫೈಯರು ಜೀವಂತ. ಆಮೇಲೆ ಪ್ಲೇಟಿಗೆ ಬೇರೆಯೇ ಎರಡು ಸೆಲ್ಲು ಕಟ್ಟಿ, ರೇಡಿಯೊದ ಕರೆಂಟಿನ ಸಂಬಂಧವೇ ಇಲ್ಲದಂತೆ ಓಡಿಸಿ, ಅದರ ಆಡಿಯೊ ಮಾತ್ರ ಒಳಗೆ ಕೊಟ್ಟು ಕೇಳುವುದು. ಈಗ ಸರಿಯಾಗಿ ಬಂದರೆ ದೋಷ ಸಪ್ಲೈಯದು. ಆಗಲೂ ಬಾರದಿದ್ದರೆ ಆಡಿಯೊ ದಾರಿಯದು. ಕೊನೆಗೆ ಒಂದೊಂದೇ ವೈರು ಮರಳಿ ಬೆಸೆಯುತ್ತ ಹೋಗುವುದು. ಯಾವ ವೈರು ತಾಗಿದಾಗ ರೋಗ ಮರಳುತ್ತದೋ ಅಲ್ಲಿ ನಿಲ್ಲುವುದು. ಇದಕ್ಕೆ ಸರ್ಕ್ಯೂಟಿನ ನಕ್ಷೆ ಬೇಡ. ನಕ್ಷೆ ಸಿಗುತ್ತಲೂ ಇರಲಿಲ್ಲ.

ಈ ಕ್ರಮ ಹುಡುಗನ ತಲೆಗೆ ಹೊಕ್ಕಿದ್ದು ಒಂದು ಚರ್ಮದ ಕವಚದ ಟ್ರಾನ್ಸಿಸ್ಟರಿನಿಂದ. ಅದನ್ನು ತಂದವರು ಅವನ ಊರಿನವರೇ, ವರಸೆಯಲ್ಲಿ ಮಾವ. ಎಡದಂಡೆ ನಾಲೆಯ ನೀರಿಗೆ ಭತ್ತ ಹಾಕುವ ರೈತರು. ಬೇರೊಂದು ಊರಿನಲ್ಲಿ ಯಾರೋ ಅದಕ್ಕೆ ಎಫ್‌ಎಂ ಹಾಕಿಕೊಟ್ಟಿದ್ದರು.

"ಮೀಡಿಯಂ ವೇವ್ ಬರ್ತೈತ್ರಿ ಉಸ್ತಾದ್. ಎಫ್‌ಎಂ ಕಡಿ ತಿರುವಿದ್ರ ಉಸುರೇ ಇಲ್ಲ. ಮ್ಯಾಲ ಸೆಲ್ ಸುಡ್ತಾವ."

"ಸುಡ್ತಾವ ಅಂದ್ರ? ಕೈ ಇಟ್ಟು ನೋಡಿರೇನು?"

"ತಗದು ಒಗದೀನಿ ನೋಡ್ರಿ."

ಆರು ಸೆಲ್ಲಿನ, 9 ವೋಲ್ಟಿನ ಸೆಟ್ಟು. ಉಸ್ತಾದರು ಸೆಲ್ಲಿಗೂ ಸೆಟ್ಟಿಗೂ ನಡುವೆ ಒಂದು ಟಾರ್ಚಿನ ಬಲ್ಬು ಸೇರಿಸಿದರು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಸೆಲ್ಲಿನ ಕರೆಂಟು ಬಲ್ಬನ್ನು ಉರಿಸಿ ಅಲ್ಲಿಗೇ ನಿಲ್ಲುತ್ತದೆ, ಬೇರೇನೂ ಸುಡುವುದಿಲ್ಲ. ಮೀಡಿಯಂ ವೇವಿನಲ್ಲಿ ಬಲ್ಬಿನ ತಂತಿ ಕೆಂಪಾಗಲೂ ಇಲ್ಲ. ಬ್ಯಾಂಡ್ ಸ್ವಿಚ್ಚನ್ನು ಎಫ್‌ಎಂಗೆ ತಿರುಗಿಸಿದೊಡನೆ ಬಲ್ಬು ಪೂರ್ತಿ ಹತ್ತಿತು. ಹುಡುಗ ಪ್ಲೇಟಿನ ಕೆಂಪು ವೈರು ಕಾಯಿಸಿ ಬಿಡಿಸಿದ. ಪ್ಲೇಟಿಗೆ ಪ್ಲಸ್ಸೇ ಇಲ್ಲದ ಮೇಲೆ ಬಲ್ಬು ಆರಬೇಕು. ಆರಲಿಲ್ಲ. ಪ್ಲೇಟು ಕರೆಂಟು ಕುಡಿಯುತ್ತಿಲ್ಲ, ಆದರೂ ಕರೆಂಟು ಎಲ್ಲಿಗೋ ಹೋಗುತ್ತಿದೆ. ಆಮೇಲೆ ಬಿಳಿ ಆಡಿಯೊ ವೈರಿನ ಮೇಲೆ ಹೆಣೆದ ಜಾಲರಿಯನ್ನು ವಾಲ್ಯೂಮ್ ಕಂಟ್ರೋಲಿನ ತುದಿಯಿಂದ ಬಿಡಿಸಿದಾಗ ಬಲ್ಬು ತಟ್ಟನೆ ಆರಿತು.

ಉಸ್ತಾದರು ಮೀಟರಿನ ಕಪ್ಪು ಕಡ್ಡಿಯನ್ನು ಸೆಟ್ಟಿನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ ಇಟ್ಟು, ಕೆಂಪನ್ನು ಸೆಲ್ಲಿನ ಇನ್ನೊಂದು ಲೈನಿಗೆ ತಾಗಿಸಿದರು. ಸೂಜಿ ಹಿಂದಕ್ಕೆ ಬಡಿಯಿತು. ಚಾಸಿ ಪ್ಲಸ್!

ಇದು ಹಳೆಯ ಜರ್ಮೇನಿಯಂ ಸೆಟ್ಟುಗಳ ಹುಟ್ಟುಗುಣ. 1960ರ ದಶಕದ ರೇಡಿಯೊಗಳಲ್ಲಿ ಒಸಿ 44, ಒಸಿ 45, ಒಸಿ 71, ಒಸಿ 72, ಎಸಿ 128 ಮೊದಲಾದ ಪಿಎನ್‌ಪಿ ಟ್ರಾನ್ಸಿಸ್ಟರುಗಳಿದ್ದವು. ಅವುಗಳ ಕಲೆಕ್ಟರಿಗೆ ಮೈನಸ್ ಬೇಕು. ಆದ್ದರಿಂದ ಎಲ್ಲಕ್ಕೂ ಸಮಾನವಾದ ಅರ್ಥ್ ಲೈನು ಸೆಲ್ಲಿನ ಪ್ಲಸ್ಸಿಗೆ ಸೇರಿರುತ್ತಿತ್ತು. ಮುಂದೆ ಬಿಸಿ 148, ಬಿಎಫ್ 194ರಂಥ ಎನ್‌ಪಿಎನ್ ಸಿಲಿಕಾನ್ ಟ್ರಾನ್ಸಿಸ್ಟರು ಬಂದು, ಬೆಂಗಳೂರಿನ ಬಿಇಎಲ್ ಅವನ್ನು ಇಲ್ಲಿಯೇ ತಯಾರಿಸಿ, ಅರ್ಥ್ ಮೈನಸ್ಸಿಗೆ ತಿರುಗಿತು. ಎಫ್‌ಎಂ ಪ್ಲೇಟಿನ ಐಸಿಗಳೂ ಮೈನಸ್ ಅರ್ಥಿನವೇ. ಮಾವನ ಸೆಟ್ಟಿಗೆ ಪ್ಲೇಟು ಹಾಕಿದವನು ಮೀಟರು ಹಿಡಿದು ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಸರಿಯಾಗಿಯೇ ಕೊಟ್ಟಿದ್ದ. ಆದರೆ ಗುಂಯ್ ಎನ್ನುವ ಹಮ್ ಬಾರದಿರಲೆಂದು ಜಾಲರಿಯ ವೈರು ಹಾಕಿ ಅದರ ಎರಡೂ ತುದಿ ಬೆಸೆದಿದ್ದ. ಒಂದು ತುದಿ ಪ್ಲೇಟಿನ ಅರ್ಥಿಗೆ, ಅಂದರೆ ಸೆಲ್ಲಿನ ಮೈನಸ್ಸಿಗೆ. ಇನ್ನೊಂದು ಚಾಸಿಗೆ, ಅಂದರೆ ಪ್ಲಸ್ಸಿಗೆ. ಪ್ಲೇಟಿನ ಮೈನಸ್ಸು ಬ್ಯಾಂಡ್ ಸ್ವಿಚ್ಚಿನ ಮೂಲಕ ಬರುತ್ತಿದ್ದರಿಂದ ಎಫ್‌ಎಂಗೆ ತಿರುಗಿಸಿದಾಗ ಮಾತ್ರ ಸೆಲ್ಲಿನ ಎರಡೂ ತುದಿ ಆ ಜಾಲರಿಯಲ್ಲೇ ಕೂಡುತ್ತಿದ್ದವು.

ಐಸಿ ಸುಟ್ಟಿರಲಿಲ್ಲ. ಶಾರ್ಟಿನಲ್ಲಿ ವೋಲ್ಟೇಜು ನೆಲಕಚ್ಚಿ, ಅದಕ್ಕೆ ಉಣ್ಣಲು ಏನೂ ಸಿಕ್ಕಿರಲಿಲ್ಲ.

ಪರಿಹಾರಕ್ಕೆ ದೊಡ್ಡ ಸಾಮಾನು ಬೇಕಾಗಲಿಲ್ಲ. ಜಾಲರಿಯನ್ನು ಪ್ಲೇಟಿನ ಕಡೆ ಮಾತ್ರ ಬೆಸೆದು ಇನ್ನೊಂದು ತುದಿಯನ್ನು ಕತ್ತರಿಸಿ ಟೇಪು ಸುತ್ತಿದರು. ಸೆಟ್ಟಿನೊಳಗೆ ಸೆಲ್ಲಿನ ಅಡ್ಡಕ್ಕೆ ದೊಡ್ಡ ಎಲೆಕ್ಟ್ರೊಲಿಟಿಕ್ ಕಂಡೆನ್ಸರು ಮೊದಲೇ ಇರುತ್ತದೆ. ಧ್ವನಿಯ ಅಲೆಗೆ ಅದರ ಮೂಲಕ ಪ್ಲಸ್ಸೂ ಮೈನಸ್ಸೂ ಒಂದೇ, ಆದ್ದರಿಂದ ಮರಳುವ ದಾರಿ ತಾನಾಗಿ ಸಿಗುತ್ತದೆ. ಬಿಳಿ ವೈರಿನ ನಡುವೆ ಪಾಯಿಂಟ್ ಒನ್ ಕಂಡೆನ್ಸರು ಹಾಕಿದರು, ಡಿಸಿ ದಾಟಬಾರದಲ್ಲ. ಪ್ಲೇಟನ್ನು ಚಾಸಿಗೆ ಸ್ಕ್ರೂ ಹಾಕಿ ಬಿಗಿದಿದ್ದರಿಂದ ಅಲ್ಲಿಯೂ ಮೈನಸ್ಸು ಪ್ಲಸ್ಸಿಗೆ ತಾಗುವ ಅಪಾಯ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಡಿಯಲ್ಲಿಟ್ಟು, ಸ್ಕ್ರೂ ಬಿಟ್ಟು, ದಾರದಲ್ಲಿ ಕಟ್ಟಿದರು.

ಇನ್ನು ವೋಲ್ಟೇಜು. ಪ್ಲೇಟಿಗೆ ಬೇಕಾದದ್ದು ಮೂರು ಚಿಲ್ಲರೆ ವೋಲ್ಟು, ಕರೆಂಟು ಸುಮಾರು 10 ಮಿಲಿ ಆಂಪು. ಸೆಟ್ಟಿನಲ್ಲಿರುವುದು 9. ನಡುವೆ ಬರೀ ಒಂದು ರೆಸಿಸ್ಟೆನ್ಸು ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಉಸ್ತಾದರು 330 ಓಮ್ ಹಾಕಿ, ಪ್ಲೇಟಿನ ಪ್ಲಸ್ ಮೈನಸ್ ನಡುವೆ ಎರಡು ಕೆಂಪು ಎಲ್‌ಇಡಿಗಳನ್ನು ಒಂದರ ಬೆನ್ನಿಗೊಂದು ಸಾಲಾಗಿ ಕೂರಿಸುತ್ತಿದ್ದರು. ಒಂದು ಕೆಂಪು ಎಲ್‌ಇಡಿಯ ಮೇಲೆ 1.8 ವೋಲ್ಟು ನಿಲ್ಲುತ್ತದೆ, ಎರಡಕ್ಕೆ 3.6. ಸೆಲ್ಲು ಹೊಸದಿದ್ದಾಗ 16 ಮಿಲಿ ಆಂಪು ಹರಿದು 10 ಪ್ಲೇಟಿಗೆ, ಉಳಿದದ್ದು ಎಲ್‌ಇಡಿಗೆ. ಸೆಲ್ಲು ಇಳಿದು 7 ವೋಲ್ಟಿನ ಬಳಿ ಬಂದರೆ ಎಲ್‌ಇಡಿಗೆ ಏನೂ ಮಿಗುವುದಿಲ್ಲ, ಆರುತ್ತದೆ. ವೋಲ್ಟೇಜು ಹಿಡಿದು ನಿಲ್ಲಿಸುವ ಸಾಮಾನೇ ಎಫ್‌ಎಂ ಚಾಲೂ ಇದೆ ಎನ್ನುವ ದೀಪ, ಅದೇ ಸೆಲ್ಲು ಮುಗಿಯಿತೆನ್ನುವ ಸೂಚನೆ. ಇಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಜೀನರ್ ಡಯೋಡು ಎಂದು ಬರೆದಿರುತ್ತದೆ. ಸಣ್ಣ ಕರೆಂಟಿನಲ್ಲಿ ಕಡಿಮೆ ವೋಲ್ಟಿನ ಜೀನರ್‌ಗಿಂತ ಎಲ್‌ಇಡಿಯ ಹಿಡಿತವೇ ಬಿಗಿ ಎನ್ನುವುದನ್ನು ಉಸ್ತಾದರು ಪುಸ್ತಕದಿಂದ ಕಲಿತಿರಲಿಲ್ಲ.

ಸೆಟ್ಟು ಮಾತಾಡಿತು. ಮಾತಿನ ಹಿಂದೆ ಬಡಬಡ ಬಡಬಡ ಎಂದು ದೋಣಿಯ ಮೋಟರು ಓಡಿದ ಸದ್ದು. ವಾಲ್ಯೂಮು ಹೆಚ್ಚಿಸಿದರೆ ಜೋರು, ಇಳಿಸಿದರೆ ಇಲ್ಲ. ಇದು ಇನ್ನೊಂದು ಪರಿಚಿತ ರೋಗ. ಧ್ವನಿ ಜೋರಾದಾಗ ಆಂಪ್ಲಿಫೈಯರು ಸೆಲ್ಲಿನಿಂದ ಹೆಚ್ಚು ಎಳೆಯುತ್ತದೆ, ವೋಲ್ಟೇಜು ಕುಗ್ಗುತ್ತದೆ, ಕುಗ್ಗಿದ್ದು ಪ್ಲೇಟಿಗೆ ತಟ್ಟಿ ಅದರ ಸ್ಟೇಷನ್ನು ತುಸು ಸರಿಯುತ್ತದೆ. ಸರಿದದ್ದು ಧ್ವನಿಯಾಗಿ ಮತ್ತೆ ಆಂಪ್ಲಿಫೈಯರಿಗೇ ಬರುತ್ತದೆ. ಸುತ್ತು ಶುರು. ಸೆಲ್ಲು ಹಳತಾದಷ್ಟೂ ಇದು ಹೆಚ್ಚು. ಪ್ಲೇಟಿನ ಕಾಲಬುಡದಲ್ಲೇ 470 ಮೈಕ್ರೋಫ್ಯಾರಡ್ಡಿನ ಕಂಡೆನ್ಸರು ಬೆಸೆದಾಗ ಬಡಬಡ ನಿಂತಿತು. ಕಂಡೆನ್ಸರನ್ನು ಸೆಲ್ಲಿನ ಡಬ್ಬಿಯ ಬಳಿ ಹಾಕಿ ಫಲ ಕಾಣದೆ ಕೈಬಿಟ್ಟವರನ್ನು ಹುಡುಗ ಮುಂದೆ ನೋಡಿದ. ಆ ಸಾಮಾನು ರೆಸಿಸ್ಟೆನ್ಸಿನ ಈಚೆ, ಪ್ಲೇಟಿನ ಪಕ್ಕ ಇರಬೇಕು.

ಆಂಟೆನಾದ್ದು ಸಣ್ಣ ತಕರಾರು. ಶಾರ್ಟ್ ವೇವಿಗಿದ್ದ ಚಾಚುವ ಆಂಟೆನಾಕ್ಕೇ ಪ್ಲೇಟಿನ ವೈರು ಬೆಸೆದರೆ ಶಾರ್ಟ್ ವೇವಿನ ಕಾಯಿಲು ಎಫ್‌ಎಂ ಅಲೆಯನ್ನು ನುಂಗುತ್ತದೆ. ನಡುವೆ 10–22 ಪಿಎಫ್ ಕಂಡೆನ್ಸರು ಹಾಕಿ, ಬ್ಯಾಂಡ್ ಸ್ವಿಚ್ಚಿನಲ್ಲಿ ಕಾಯಿಲನ್ನು ಬೇರ್ಪಡಿಸಿದರೆ ಆಯಿತು. ಡಯಲ್ಲಿನ 100ರಲ್ಲಿ ಬರಬೇಕಾದದ್ದು 96ರಲ್ಲಿ ಬಂದರೆ ಆಸಿಲೇಟರ್ ಕಾಯಿಲಿನ ಸುತ್ತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ಹಿಗ್ಗಿಸಬೇಕೋ ಒತ್ತಬೇಕೋ ನೋಡಿ ಕೂರಿಸಿ, ಮೇಣದ ಹನಿ ಬಿಡುವುದು. ಮೇಣ ಬಿಡದ ಸೆಟ್ಟು ಟ್ರ್ಯಾಕ್ಟರಿನಲ್ಲಿ ಊರಿಗೆ ಹೋಗುವಷ್ಟರಲ್ಲಿ ಸ್ಟೇಷನ್ನು ಬದಲಿಸಿರುತ್ತದೆ.

ಹೊರಗಿನ ಬೋರ್ಡನ್ನು ಒಳಗೆ ತುರುಕುವ ಹುಚ್ಚು ಗೊರೇಬಾಳದ್ದಷ್ಟೇ ಅಲ್ಲ. ಅಮೆರಿಕದಲ್ಲಿ ಸಿಟಿಜನ್ಸ್ ಬ್ಯಾಂಡ್, ಸಿಬಿ ಎನ್ನುವ ರೇಡಿಯೊ ಇದೆ. 1958ರಲ್ಲಿ ಅಲ್ಲಿನ ಸರ್ಕಾರ 27 ಮೆಗಾಹರ್ಟ್ಸಿನ ಸುತ್ತ ಒಂದು ಪಟ್ಟಿಯನ್ನು ಸಾಮಾನ್ಯ ಜನರ ಮಾತುಕತೆಗೆ ಬಿಟ್ಟುಕೊಟ್ಟಿತು. 1973ರ ತೈಲ ಬಿಕ್ಕಟ್ಟಿನ ನಂತರ ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂದಾಗ ಲಾರಿ ಚಾಲಕರು ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ಕಾದಿದ್ದಾರೆ ಎಂದು ಇದರಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡರು. ಬಳಕೆ ಉಕ್ಕಿ, 1977ರಲ್ಲಿ 23 ಚಾನೆಲ್ಲುಗಳು 40 ಆದವು, 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ. ಎಎಂನಲ್ಲಿ 4 ವಾಟ್ ಮಿತಿ. ಆ ಡಬ್ಬಿಗಳಿಗೂ ಹೊರಗಿನ ಬೋರ್ಡುಗಳು ಬಂದವು: ಮಾತಿಗೆ ಪ್ರತಿಧ್ವನಿ ಕೂಡಿಸುವ ಎಕೋ ಬೋರ್ಡು, ಮಾತು ಮುಗಿದಾಗ ಪೀಂ ಅನ್ನಿಸುವ ಬೋರ್ಡು, ಫ್ರೀಕ್ವೆನ್ಸಿ ತೋರಿಸುವ ಬೋರ್ಡು. ಅವುಗಳ ರೋಗಗಳೂ ನಮ್ಮ ಎಫ್‌ಎಂ ಪ್ಲೇಟಿನ ಸೋದರ ಸಂಬಂಧಿಗಳೇ. ಲಾರಿಯ ಬ್ಯಾಟರಿಯಿಂದ 13.8 ವೋಲ್ಟು ಬರುತ್ತದೆ, ಬೋರ್ಡಿಗೆ 5 ಸಾಕು. ಎಲ್ಲಿಂದಲೋ ಎಳೆದ ಪ್ಲಸ್ಸು ಇಂಜಿನ್ನಿನ ಆಲ್ಟರ್ನೇಟರಿನ ಕೂಗನ್ನೂ ಹೊತ್ತು ತರುತ್ತದೆ. ಮೈಕಿನ ಜಾಲರಿಯನ್ನು ಎರಡೂ ಕಡೆ ಅರ್ಥ್ ಮಾಡಿದರೆ ಹಮ್. ಅವರಿಗೆ ನಮಗಿಲ್ಲದ ಒಂದು ಕಷ್ಟವೂ ಇದೆ: ಸಿಬಿ ಕೇಳುವುದಷ್ಟೇ ಅಲ್ಲ, ಕಳಿಸುತ್ತದೆ. ಮೈಕಿನ ಗುಂಡಿ ಒತ್ತಿದೊಡನೆ ಪಕ್ಕದಲ್ಲೇ ಹುಟ್ಟುವ 4 ವಾಟಿನ ಅಲೆ ಎಕೋ ಬೋರ್ಡಿನ ವೈರುಗಳೊಳಗೆ ನುಗ್ಗಿ ಕಿರ್ರೆಂದು ಕೂಗಿಸುತ್ತದೆ. ಬೋರ್ಡು ಹಾಳಾಗಿದೆ ಎಂದು ಬದಲಿಸುತ್ತಾರೆ, ಹೊಸದೂ ಕೂಗುತ್ತದೆ. ಒಳಹೋಗುವ ವೈರಿಗೆ ಫೆರೈಟ್ ಮಣಿ ಪೋಣಿಸಿ, .01 ಕಂಡೆನ್ಸರಿನಿಂದ ಅಲೆಯನ್ನು ಅಲ್ಲೇ ಅರ್ಥಿಗೆ ಇಳಿಸಿದರೆ ಸುಮ್ಮನಾಗುತ್ತದೆ.

ನಮ್ಮ ಲಾರಿಗಳಲ್ಲಿ ಸಿಬಿ ಬಾರದ್ದಕ್ಕೆ ಕಾನೂನೂ ಕಾರಣ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ಬರೀ ಕೇಳುವ ರೇಡಿಯೊಗೂ ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ ಕಾಲವನ್ನು ಮಾವನ ವಯಸ್ಸಿನವರು ಕಂಡಿದ್ದಾರೆ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ 5 ವಾಟಿನೊಳಗಿನ ಉಪಕರಣಗಳಿಗೆ ಲೈಸೆನ್ಸು ಬೇಡ ಎಂಬ ನಿಯಮ ಬಂದದ್ದು 2005ರಲ್ಲಿ. ಅಷ್ಟರಲ್ಲಿ ಚಾಲಕರ ಕಿಸೆಯಲ್ಲಿ ಮೊಬೈಲು ಕೂತಿತ್ತು.

ಸಿಂಧನೂರು ಸೀಮೆಯ ಜನ ಎಫ್‌ಎಂ ಪ್ಲೇಟಿಗೆ ಮುಗಿಬಿದ್ದದ್ದು ಹಾಡಿಗಾಗಿ ಮಾತ್ರ ಎಂದುಕೊಂಡರೆ ಅರ್ಧ ಸತ್ಯ. ನೀರಾವರಿ ಬಂದ ಸೀಮೆ ಇದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಲು ಶುರುವಾದ ಮೇಲೆ ಆಂಧ್ರದ ರೈತರ ಕ್ಯಾಂಪುಗಳು ಎದ್ದವು, ಬಂಗಾಳಿ ನಿರಾಶ್ರಿತರ ಆರ್‌ಎಚ್ ಕ್ಯಾಂಪುಗಳು ಬಂದವು, ಅಕ್ಕಿ ಗಿರಣಿಗಳು ಬಂದವು. ಜೊತೆಗೆ ಪಂಪ್‌ಸೆಟ್ಟಿನ ಸ್ಟಾರ್ಟರು, ಗಿರಣಿಯ ಮೋಟರು, ಟ್ಯೂಬ್‌ಲೈಟಿನ ಚೋಕು. ಇವೆಲ್ಲದರ ಕಿಡಿ ಮೀಡಿಯಂ ವೇವಿನಲ್ಲಿ ಚರಚರ ಎಂದು ಕೇಳುತ್ತದೆ. ತ್ರೀ ಫೇಸ್ ಬಂದ ಹೊತ್ತಿಗೇ ಪ್ರದೇಶ ಸಮಾಚಾರ ಬಿತ್ತೆಂದರೆ ಸುದ್ದಿ ಅರ್ಧ, ಸ್ಟಾರ್ಟರು ಅರ್ಧ. ಎಎಂನಲ್ಲಿ ಮಾತು ಅಲೆಯ ಎತ್ತರದಲ್ಲಿರುತ್ತದೆ, ಕಿಡಿಯ ಗಲಾಟೆಯೂ ಅಲ್ಲೇ. ಎಫ್‌ಎಂ ರಿಸೀವರು ಎತ್ತರದ ಏರಿಳಿತವನ್ನು ಕತ್ತರಿಸಿ ಎಸೆದು, ಕಂಪನದ ಏರಿಳಿತವನ್ನು ಮಾತ್ರ ಓದುತ್ತದೆ. ಸಿಗ್ನಲ್ಲು ಸಾಕಷ್ಟಿದ್ದರೆ ಸದ್ದೇ ಇಲ್ಲ. ಕ್ಯಾಂಪಿನ ಮನೆಗಳವರು ಟಿವಿಯ ಹಳೆ ಆಂಟೆನಾವನ್ನು ಹೊಸಪೇಟೆಯ ದಿಕ್ಕಿಗೆ ತಿರುಗಿಸಿ ರೇಡಿಯೊಕ್ಕೆ ವೈರು ಎಳೆದಿದ್ದು ಇದಕ್ಕೇ.

ಸೆಲ್ಲಿನ ಬದಲು ಮೇನ್ಸಿನಿಂದ ಸೆಟ್ಟು ಓಡಿಸುವ ಎಲಿಮಿನೇಟರಿನ ಹಮ್ ಬಗ್ಗೆಯೂ ಒಂದು ಮಾತು. ಸೆಲ್ಲಿನಲ್ಲಿ ಚಂದ ಹಾಡುವ ಸೆಟ್ಟು ಎಲಿಮಿನೇಟರಿನಲ್ಲಿ, ಅದೂ ಧಾರವಾಡ ಸರಿಯಾಗಿ ಸಿಕ್ಕಾಗ ಮಾತ್ರ ಗುಂಯ್ ಅನ್ನುತ್ತದೆ. ಸ್ಟೇಷನ್ನು ಬಿಟ್ಟರೆ ಗುಂಯ್ ಇಲ್ಲ. ಫಿಲ್ಟರ್ ಕಂಡೆನ್ಸರು ಎಷ್ಟು ದೊಡ್ಡದು ಹಾಕಿದರೂ ಇದು ಹೋಗುವುದಿಲ್ಲ. ಡಯೋಡುಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುವಾಗ ಕರೆಂಟಿನ ಲೈನಿನಲ್ಲಿ ಹರಿದುಬಂದ ಸ್ಟೇಷನ್ನಿನ ಅಲೆಯನ್ನೂ ಕಡಿದು ಬಿಡುತ್ತವೆ. ಪ್ರತಿ ಡಯೋಡಿನ ಮೇಲೆ .01 ಕಂಡೆನ್ಸರು ಬೆಸೆದರೆ ಮುಗಿಯಿತು. ಇಷ್ಟು ಸಣ್ಣ ಸಾಮಾನು ಉಳಿಸಲು ಅಗ್ಗದ ಎಲಿಮಿನೇಟರಿನವರು ಎಷ್ಟು ರೇಡಿಯೊಗಳಿಗೆ ಕೆಟ್ಟ ಹೆಸರು ತಂದರೋ!

ಪ್ಲೇಟು ಹಾಕಲೇಬಾರದಿದ್ದ ಸೆಟ್ಟುಗಳೂ ಇದ್ದವು, ಅದನ್ನೂ ಹೇಳಬೇಕು. ಮರದ ಡಬ್ಬಿಯ ವಾಲ್ವ್ ಸೆಟ್ಟಿಗೆ ತೂತು ಕೊರೆದು, ಮುಂದಿನ ಗಾಜಿನ ಡಯಲ್ಲಿಗೆ ಅಂಟು ಬಳಿದು ಎಫ್‌ಎಂ ನಾಬು ಸಿಕ್ಕಿಸಿದ್ದನ್ನು ನೋಡಿದರೆ ಉಸ್ತಾದರು ಮುಖ ತಿರುಗಿಸುತ್ತಿದ್ದರು. ವಾಲ್ವ್ ಸೆಟ್ಟಿನೊಳಗೆ ಇನ್ನೂರು ವೋಲ್ಟಿನ ಮೇಲಿರುತ್ತದೆ, ಕೆಲವದರಲ್ಲಿ ಚಾಸಿಯೇ ಮೇನ್ಸಿಗೆ ಸೇರಿರುತ್ತದೆ. ಅಂಥದರೊಳಗೆ ಪ್ಲೇಟು ಕೂರಿಸಿ ಆಂಟೆನಾ ವೈರನ್ನು ಹೊರಗೆ ಇಳಿಬಿಟ್ಟರೆ ಕೈ ಹಚ್ಚಿದವರ ಗತಿ? "ಇದಕ್ಕ ಎಫ್‌ಎಂ ಬ್ಯಾಡ್ರಿ ಯಪ್ಪಾ, ಬೇಕಾದ್ರ ಬಾಜೂಕ ಒಂದು ಹೊಸ ಡಬ್ಬಿ ಇಟ್ಕೊಳ್ರಿ" ಎಂಬುದೇ ಅವರ ತೀರ್ಮಾನ. ಗಿರಾಕಿ ಹೋದರೂ ಸರಿ.

ಕೆಲವೇ ವರ್ಷಗಳಲ್ಲಿ ಮೊಬೈಲಿನೊಳಗೇ ಎಫ್‌ಎಂ ಬಂದು, ಇಯರ್‌ಫೋನಿನ ವೈರೇ ಅದರ ಆಂಟೆನಾ ಆಗಿ, ಪ್ಲೇಟಿನ ವ್ಯಾಪಾರ ಸೊರಗಿತು. ಹುಡುಗ ಈಗ ಹುಡುಗನಲ್ಲ. ಅವನ ಟೇಬಲ್ಲಿಗೆ ಇಂದಿಗೂ ಹಳೆ ಡಬ್ಬಿಗಳು ಬರುತ್ತವೆ, ಒಳಗೆ ಬ್ಲೂಟೂತ್ ಪ್ಲೇಟು ಹಾಕಿಸಿಕೊಂಡು. ತಾತನ ಕಾಲದ ಮರ್ಫಿಯಲ್ಲಿ ಫೋನಿನ ಹಾಡು ಕೇಳುವ ಆಸೆ ಮೊಮ್ಮಕ್ಕಳದ್ದು. ದೂರು ಮಾತ್ರ ಹೊಸ ದನಿಯದ್ದು: ಹಾಡು ನಿಂತಾಗ ಸ್ಪೀಕರಿನಲ್ಲಿ ಚಿಂಯ್ ಚಿಟಿಚಿಟಿ. ಬ್ಲೂಟೂತ್ ಐಸಿ ಕೆಲಸ ಮಾಡುವಾಗ ಎಳೆಯುವ ತುಂಡು ತುಂಡು ಕರೆಂಟು, ಆಡಿಯೊ ಹಂಚಿಕೊಂಡ ಅದೇ ತೆಳು ಅರ್ಥ್ ವೈರಿನಲ್ಲಿ ಮರಳುತ್ತದೆ. ವೈರಿನ ಸಣ್ಣ ರೆಸಿಸ್ಟೆನ್ಸಿನ ಮೇಲೆ ಹುಟ್ಟಿದ ವೋಲ್ಟೇಜನ್ನು ಆಂಪ್ಲಿಫೈಯರು ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಅವನು ಪ್ಲೇಟು ಬದಲಿಸುವುದಿಲ್ಲ. ಅದಕ್ಕೆ ಒಂದು ಪವರ್ ಬ್ಯಾಂಕಿನಿಂದ ಬೇರೆಯಾಗಿ ಕರೆಂಟು ಕೊಟ್ಟು ಕೇಳುತ್ತಾನೆ. ಚಿಂಯ್ ಹೋದರೆ ಬಿ0505ಎಸ್ ಎಂಬ ನಾಲ್ಕು ಕಾಲಿನ ಕಪ್ಪು ತುಂಡು ತರುತ್ತಾನೆ. ಅದು 5 ವೋಲ್ಟು ತೆಗೆದುಕೊಂಡು 5 ವೋಲ್ಟನ್ನೇ ಕೊಡುತ್ತದೆ, ಆದರೆ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಎರಡೂ ಬದಿಯ ಅರ್ಥ್‌ಗಳನ್ನು ಬೇರೆ ಮಾಡಿಬಿಡುತ್ತದೆ. ಪ್ಲಸ್ ಚಾಸಿಯ ಜರ್ಮೇನಿಯಂ ಸೆಟ್ಟಿಗೂ ಇದೇ ತುಂಡು ಒಗ್ಗುತ್ತದೆ, ಯಾವ ತುದಿ ಚಾಸಿಗೆ ಎಂಬ ಜಗಳವೇ ಇರುವುದಿಲ್ಲ. ಇದಿಲ್ಲದೆ ನೇರ ಬೆಸೆಯುವವರು ಒಂದನ್ನು ನೋಡಿಕೊಳ್ಳಬೇಕು: ಪ್ಲೇಟಿನ ಯುಎಸ್‌ಬಿ ಬಾಯಿಯ ಸುತ್ತಲಿನ ಲೋಹ ಮೈನಸ್ಸು, ರೇಡಿಯೊದ ಮುಂದಿನ ತಗಡಿನ ಜಾಲಿ ಚಾಸಿಗೆ ಸೇರಿದ್ದರೆ ಪ್ಲಸ್ಸು. ಅಲ್ಲಿ ಮೊದಲು ಟೇಪು ಸುತ್ತಿ, ಆಮೇಲೆ ಸ್ಕ್ರೂ ಬಿಗಿಯುವುದು.